ಯಾಜಕಕಾಂಡದಲ್ಲಿ ನಿಂತುಹೋದವರಿಗೆ

ವರ್ಷಕ್ಕೊಮ್ಮೆ ಇಡೀ ಸತ್ಯವೇದ (ಬೈಬಲ್) ಓದಿ ಮುಗಿಸುವ ಲೆಕ್ಕ ಸುಲಭ. ಒಟ್ಟು 1,189 ಅಧ್ಯಾಯ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ಡಿಸೆಂಬರ್ ಕೊನೆಗೆ ಕೊನೆಯ ಪುಸ್ತಕವಾದ ಪ್ರಕಟನೆ ಮುಗಿದಿರುತ್ತದೆ. ಹೊಸ ವರ್ಷದ ಆರಾಧನೆಯಿಂದ ಬಂದವರು ಹುರುಪಿನಿಂದ ಶುರುಮಾಡುತ್ತಾರೆ. ಆದಿಕಾಂಡದ 50 ಅಧ್ಯಾಯ ಕಥೆಯ ಓಟದಲ್ಲೇ ಸಾಗುತ್ತದೆ. ವಿಮೋಚನಕಾಂಡದಲ್ಲಿ ಆರಾಧನೆಯ ಗುಡಾರದ ಹಲಗೆ, ಕೊಂಡಿ, ಪರದೆಗಳ ಅಳತೆ ಬರುವಾಗ ಕಣ್ಣು ಎಳೆಯತೊಡಗುತ್ತದೆ. ಜನವರಿ ಕೊನೆಯ ವಾರಕ್ಕೆ ಮೂರನೇ ಪುಸ್ತಕ, ಬಲಿ ಮತ್ತು ಶುದ್ಧಿಯ ನಿಯಮಗಳ ಯಾಜಕಕಾಂಡ. ಪುಸ್ತಕದ ದಾರ ಅಲ್ಲಿ ಬಿತ್ತೆಂದರೆ ಮುಂದಿನ ಜನವರಿವರೆಗೂ ಅಲ್ಲೇ.

ಅಲ್ಲೇ ನಿಂತರಲ್ಲ ಎಂಬುದೇ ಬೇಸರ. ಏಕೆಂದರೆ “ಸಭೆಗೆ ಹೋಗ್ತೀನಿ, ಪ್ರಾರ್ಥನೆ ಮಾಡ್ತೀನಿ, ಆದ್ರೂ ಸಮಾಧಾನ ಇಲ್ಲ, ಒಳಗೆ ಏನೋ ಅರ್ಧಂಬರ್ಧ” ಎನ್ನುವವರಿಗೆ ಬೇಕಾದ ಮಾತು ಕೆಲವೇ ಪುಟ ಮುಂದೆ, 6ನೇ ಅಧ್ಯಾಯದ ಮೊದಲ ಏಳು ವಚನಗಳಲ್ಲಿದೆ.

ಮೊದಲು ಆ ‘ಸಮಾಧಾನ’ವನ್ನೇ ನೋಡೋಣ. ನಮ್ಮ ಮಾತಿನಲ್ಲಿ ಅದು ಮನಸ್ಸು ತಣ್ಣಗಾಗುವುದು. ಅಳುವ ಮಗುವನ್ನು ಸಮಾಧಾನ ಮಾಡುತ್ತೇವೆ. ಹಳೆಯ ಒಡಂಬಡಿಕೆಯಲ್ಲಿ ಅದರ ಹಿಂದಿರುವ ಹೀಬ್ರೂ ಪದ ‘ಶಾಲೋಮ್’. ಕೊರತೆಯಿಲ್ಲದ ಸ್ಥಿತಿ, ತುಂಡಾಗದೆ ಇಡಿಯಾಗಿರುವುದು ಎಂಬುದು ಅದರ ಅರ್ಥ. ಶ-ಲ-ಮ ಎಂಬ ಅದೇ ಧಾತುವಿನಿಂದ ‘ಶಿಲ್ಲೇಮ್’ ಎಂಬ ಕ್ರಿಯಾಪದವೂ ಬರುತ್ತದೆ: ಬಾಕಿ ತೀರಿಸು, ನಷ್ಟ ತುಂಬಿಕೊಡು. ವಿಮೋಚನಕಾಂಡ 22ರಲ್ಲಿ ಕದ್ದ ದನಕ್ಕೆ ಐದು, ಕದ್ದ ಕುರಿಗೆ ನಾಲ್ಕು ಕೊಡಬೇಕು ಎನ್ನುವ ಕಡೆ ಬಳಸಿರುವುದು ಇದೇ ಪದ. ಹೀಗಾಗಿ ಸಮಾಧಾನಕ್ಕೂ ಸಾಲ ತೀರುವುದಕ್ಕೂ ಆ ಭಾಷೆಯಲ್ಲಿ ಹೊಕ್ಕುಳಬಳ್ಳಿಯ ನಂಟು. ಕಣ್ಣು ಮುಚ್ಚಿ ಕೂತರೆ ಸಮಾಧಾನ ಬರುತ್ತದೆಂದು ಕಾಯುವವರು ಹಲವು ಸಲ ತಪ್ಪು ಬಾಗಿಲು ತಟ್ಟುತ್ತಿರುತ್ತಾರೆ.

6ನೇ ಅಧ್ಯಾಯದ ಪಟ್ಟಿ ಇವತ್ತಿನ ಬೀದಿಯದ್ದೇ: ನಂಬಿ ಇಟ್ಟುಕೊಳ್ಳಲು ಕೊಟ್ಟದ್ದರಲ್ಲಿ ಮೋಸ, ಅಡವಿನಲ್ಲಿ ಮೋಸ, ಕಸಿದುಕೊಂಡದ್ದು, ಸಿಕ್ಕಿದ ವಸ್ತುವನ್ನು ಸಿಕ್ಕಿಲ್ಲವೆಂದದ್ದು, ಸುಳ್ಳು ಆಣೆ. ಪರಿಹಾರದ ಅಳತೆಯೂ ಅಲ್ಲೇ ಇದೆ. ತೆಗೆದುಕೊಂಡದ್ದು ಪೂರ್ತಿ, ಅದರ ಮೇಲೆ ಐದನೇ ಒಂದು ಪಾಲು. ಕೊಡಬೇಕಾದದ್ದು ಯಾರದೋ ಅವರಿಗೇ, ಅದೂ ಪ್ರಾಯಶ್ಚಿತ್ತದ ಬಲಿ ತರುವ ದಿನವೇ. ಬಲಿಯ ಟಗರಿನ ಮಾತು ಬರುವುದು ಆಮೇಲೆ. ಯೇಸು ಬೆಟ್ಟದ ಪ್ರಸಂಗದಲ್ಲಿ (ಮತ್ತಾಯ 5:23-24) ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎನ್ನುವುದೂ ಇದೇ ಕ್ರಮದಲ್ಲಿ.

ಇದನ್ನು ಮನೆಯಲ್ಲಿ ಮಾಡುವುದು ಹೇಗೆ? ಕರ್ತನ ಭೋಜನ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ) ಇರುವ ಭಾನುವಾರದ ಹಿಂದಿನ ಸೋಮವಾರ ಒಂದು ಹಾಳೆ ತೆಗೆದುಕೊಳ್ಳಿ. ಯಾರಿಗೆ, ಏನು, ಎಷ್ಟು ಎಂದು ಬರೆಯಿರಿ. “ಎಲ್ಲರ ಮೇಲೂ ಕೋಪ ಜಾಸ್ತಿ” ಎಂಬುದು ಬಾಕಿಯಲ್ಲ, ಅದನ್ನು ತೀರಿಸಲಾಗದು. “ಭಾವನಿಗೆ ಐದು ಸಾವಿರ” ಎಂಬುದು ಬಾಕಿ. ಪಟ್ಟಿಯಲ್ಲಿ ಹತ್ತಿದ್ದರೂ ಆ ವಾರಕ್ಕೆ ಒಂದೇ ಸಾಕು. ಯಾವುದನ್ನು ಬರೆಯುವಾಗ ಪೆನ್ನು ತಡೆಯಿತೋ ಸಾಮಾನ್ಯವಾಗಿ ಅದೇ ಮೊದಲನೆಯದು.

ಮಾತು ಹೀಗಿದ್ದರೆ ಸಾಕು: “ಭಾವ, ಮನೆ ಕಟ್ಟೋವಾಗ ನಿಮ್ಮ ಹತ್ರ ಐದು ಸಾವಿರ ತಗೊಂಡಿದ್ದೆ. ನೀವು ಕೇಳಿದಾಗ ಮರೆತುಹೋಯ್ತು ಅಂದೆ, ಅದು ಸುಳ್ಳು. ತಪ್ಪಾಯ್ತು. ಇದರಲ್ಲಿ ಆರು ಸಾವಿರ ಇದೆ.” ಅಷ್ಟೇ. ಇದರೊಳಗೆ ‘ಆದರೆ’ ನುಸುಳಿತೆಂದರೆ ಕೆಟ್ಟಿತು. “ನಿಮಗೆ ಬೇಜಾರಾಗಿದ್ರೆ ಕ್ಷಮಿಸಿ” ಎಂದರೆ ತಪ್ಪು ಅವರ ಬೇಜಾರಿಗೇ ಹೋಗಿ ಕೂರುತ್ತದೆ. ಮೊದಲು ಫೋನ್‌ಪೇ ಮಾಡಿ ಆಮೇಲೆ ಮಾತಾಡುವುದೂ ಬೇಡ, ಮಾತಿಲ್ಲದೆ ಬಂದ ದುಡ್ಡು ಮುಖದ ಮೇಲೆ ಎಸೆದಂತಿರುತ್ತದೆ. ಮೇಲಿನ ಸಾವಿರ ಬೇಡವೆಂದರೆ ಒತ್ತಾಯ ಮಾಡಬೇಡಿ. ಅವರು ಕ್ಷಮಿಸದಿದ್ದರೂ ನಿಮ್ಮ ಕೆಲಸ ಮುಗಿದಿದೆ. ‘ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ’ ಎಲ್ಲರೊಂದಿಗೆ ಸಮಾಧಾನದಿಂದಿರಿ ಎಂದು ಅಪೊಸ್ತಲ ಪೌಲನೇ ರೋಮಾಪುರದವರಿಗೆ ಗೆರೆ ಎಳೆದುಕೊಟ್ಟಿದ್ದಾನೆ (12:18).

ಹೆಚ್ಚಾಗಿ ಎಡವುವ ಜಾಗ ಇನ್ನೊಂದಿದೆ: ಭಾವನ ಮುಖ ನೋಡಲು ನಾಚಿಕೆಯಾಗಿ ಆ ದುಡ್ಡನ್ನು ಕಾಣಿಕೆ ಪೆಟ್ಟಿಗೆಗೆ ಹಾಕುವುದು. ಯಾಜಕಕಾಂಡದ ಮುಂದಿನ ಪುಸ್ತಕವಾದ ಅರಣ್ಯಕಾಂಡ 5:8 ಇದಕ್ಕೆ ಅವಕಾಶ ಕೊಟ್ಟಿರುವುದು ಒಂದೇ ಸಂದರ್ಭದಲ್ಲಿ. ನಷ್ಟಪಟ್ಟವನೂ ಇಲ್ಲ, ಅವನ ಪರವಾಗಿ ತೆಗೆದುಕೊಳ್ಳುವ ಹತ್ತಿರದ ಬಂಧುವೂ ಇಲ್ಲ ಎಂದಾಗ ಮಾತ್ರ ಅದು ಯೆಹೋವನದು, ಯಾಜಕನಿಗೆ ಸಲ್ಲುತ್ತದೆ. ಭಾವ ಬದುಕಿರುವಾಗ, ಅಥವಾ ಅವರ ಮಕ್ಕಳಿರುವಾಗ, ಪೆಟ್ಟಿಗೆಗೆ ಹಾಕಿದ್ದು ತೀರಿದ ಲೆಕ್ಕಕ್ಕೆ ಬರುವುದಿಲ್ಲ. ತಂದೆತಾಯಿಗೆ ಸಲ್ಲಬೇಕಾದ್ದನ್ನು ‘ಕೊರ್ಬಾನ್’, ದೇವರಿಗೆ ಮುಡಿಪು ಎಂದು ಹೇಳಿ ತಪ್ಪಿಸಿಕೊಂಡವರನ್ನು ಯೇಸು ಮಾರ್ಕ 7ರಲ್ಲಿ ಬಿಡದೆ ಹಿಡಿದದ್ದು ಇಂಥದ್ದಕ್ಕೇ.

ಇಲ್ಲಿ ಎರಡು ಎಚ್ಚರಿಕೆ. ತಪ್ಪೊಪ್ಪಿಗೆಯಿಂದ ಮೂರನೆಯವರ ಬದುಕು ಬಯಲಾಗುವಂತಿದ್ದರೆ ಮೊದಲು ಗುಟ್ಟು ಕಾಯಬಲ್ಲ ಸಭಾಪಾಲಕರೊಬ್ಬರ ಹತ್ತಿರ ಮಾತಾಡಿ. ಹೊಡೆತ ತಿಂದವರನ್ನು, ದೌರ್ಜನ್ಯ ಅನುಭವಿಸಿದವರನ್ನು “ನೀನೇ ಹೋಗಿ ರಾಜಿ ಮಾಡಿಕೋ, ಅದೇ ವಿಧೇಯತೆ” ಎಂದು ಕಳಿಸುವುದಂತೂ ಶುದ್ಧ ತಪ್ಪು. ಯಾಜಕಕಾಂಡ 6 ಬಾಕಿ ಇರುವವನಿಗೆ ಹೇಳಿದ್ದೇ ಹೊರತು ಬರಬೇಕಾದವನಿಗಲ್ಲ.

“ಹಾಗಾದರೆ ದುಡ್ಡು ಕೊಟ್ಟು ಕ್ಷಮೆ ಕೊಳ್ಳುವುದೇ, ಕೃಪೆ ಎಲ್ಲಿ ಹೋಯಿತು?” ಎಂದು ಕೇಳುವವರಿದ್ದಾರೆ, ಕೇಳಬೇಕಾದದ್ದೇ. ಲೂಕ 19ರಲ್ಲಿ ಯೇಸು ಸುಂಕ ವಸೂಲಿಯ ಜಕ್ಕಾಯನನ್ನು ಮರದಿಂದ ಇಳಿಯಲು ಕರೆದು ಅವನ ಮನೆಗೆ ಹೊರಟದ್ದು ಮೊದಲು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಎಂದು ಅವನು ಹೇಳಿದ್ದು ಆಮೇಲೆ. ಐದನೇ ಒಂದು ಪಾಲು ಸಾಕಿದ್ದ ಕಡೆ ಅವನು ಕುರಿ ಕದ್ದವನ ದಂಡವನ್ನೇ ತಾನಾಗಿ ಹೊತ್ತುಕೊಂಡ. ರಕ್ಷಣೆ ಕೃಪೆಯಿಂದಲೇ, ಕ್ರಿಯೆಗಳಿಂದಲ್ಲ ಎನ್ನುವ ಎಫೆಸ 2:8-9ನ್ನು ಸಂಡೇಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿ, ಸತ್ಕ್ರಿಯೆಗಳ ಮಾತಿರುವ 10ನೇ ವಚನಕ್ಕೆ ಮುಂಚೆ ನಿಲ್ಲಿಸುವ ಅಭ್ಯಾಸವೇ ಈ ಗೊಂದಲಕ್ಕೆ ಅರ್ಧ ಕಾರಣ ಎಂಬುದು ನನ್ನ ಅನಿಸಿಕೆ.

ವಿಧೇಯತೆ ಮತ್ತು ಸ್ವಸ್ಥತೆ ಒಟ್ಟಿಗೆ ಕಾಣಿಸುವ ಇನ್ನೊಂದು ಕಥೆ ಲೂಕ 17ರ ಹತ್ತು ಮಂದಿ ಕುಷ್ಠರೋಗಿಗಳದ್ದು. ಯೇಸು ಅವರನ್ನು ಮುಟ್ಟಲಿಲ್ಲ. ಹೋಗಿ ಯಾಜಕರಿಗೆ ಮೈ ತೋರಿಸಿಕೊಳ್ಳಿ ಎಂದನಷ್ಟೇ. ಯಾಜಕಕಾಂಡದ 13 ಮತ್ತು 14ನೇ ಅಧ್ಯಾಯ ಓದಿರದಿದ್ದರೆ ಈ ಮಾತಿನ ತೂಕ ತಿಳಿಯುವುದಿಲ್ಲ. 59 ಮತ್ತು 57 ವಚನಗಳ, ಮಚ್ಚೆ, ಬಿಳಿ ಕೂದಲು, ಗೋಡೆಯ ಬೂಷ್ಟುಗಳ ಆ ಅಧ್ಯಾಯಗಳನ್ನೇ ಅಲ್ಲವೇ ನಾವು ಹಾರಿಸುವುದು! ವಾಸಿಯಾದವನು ಶುದ್ಧನೆಂದು ಹೇಳಿಸಿಕೊಳ್ಳಲು ಯಾಜಕನ ಹತ್ತಿರ ಹೋಗಬೇಕಿತ್ತು. ಈ ಹತ್ತು ಮಂದಿ ಹೊರಟಾಗ ಚರ್ಮ ಇನ್ನೂ ಹಾಗೇ ಇತ್ತು, ಶುದ್ಧರಾದದ್ದು ಹೋಗುತ್ತಿರುವಾಗ. ಒಬ್ಬ ಸಮಾರ್ಯದವನು ಮಾತ್ರ ತಿರುಗಿ ಬಂದು ಕಾಲಿಗೆ ಬಿದ್ದ. ‘ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು’ ಎಂದು ಅವನಿಗೆ ಯೇಸು ಹೇಳುವ ಮಾತಿನ ಗ್ರೀಕ್ ಪದ ‘ಸೋಜೋ’, ವಾಸಿಮಾಡು ಎಂದೂ ರಕ್ಷಿಸು ಎಂದೂ ಅರ್ಥ. ಹತ್ತು ಮಂದಿಯ ಚರ್ಮ ಹಸನಾಯಿತು, ಈ ಮಾತು ಕೇಳಿಸಿಕೊಂಡವನು ಒಬ್ಬನೇ.

ಇದನ್ನೇ ಹಿಡಿದು ಮಾತ್ರೆ ನಿಲ್ಲಿಸುವವರೂ ಇದ್ದಾರೆ, ಸಕ್ಕರೆ ಕಾಯಿಲೆಯದ್ದು, ಖಿನ್ನತೆಯದ್ದು. ಬೇಡ. ತನ್ನ ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದೇ ಬರೆದ.

ದಿನದ ಕ್ರಮ ಇಷ್ಟು ಸಾಕು. ಬೆಳಿಗ್ಗೆ ಹಾಲು ಕಾಯುವ ಮೊದಲೇ ಹದಿನೈದು ನಿಮಿಷ, ಒಂದೇ ಅಧ್ಯಾಯ. ಓದುವಾಗ ‘ಕೊಡು’, ‘ಹೋಗು’, ‘ಮರೆಯಬೇಡ’ ಎಂಬಂಥ ಆಜ್ಞೆಗಳ ಕೆಳಗೆ ಪೆನ್ಸಿಲ್ ಎಳೆದು, ಒಂದನ್ನು ಆರಿಸಿ, ಇವತ್ತು ಯಾರಿಗೆ, ಎಷ್ಟು ಗಂಟೆಗೆ ಎಂದು ಒಂದು ಸಾಲು. ರಾತ್ರಿ ಕುಟುಂಬ ಪ್ರಾರ್ಥನೆಗೆ ಹತ್ತು ನಿಮಿಷ: ಒಂದು ಹಾಡು, ಒಂದು ಕೀರ್ತನೆಯನ್ನು ಮಕ್ಕಳು ಸೇರಿ ಒಬ್ಬೊಬ್ಬರು ಒಂದೊಂದು ವಚನ, ಕರ್ತನ ಪ್ರಾರ್ಥನೆ. ಮನೆಯ ಯಜಮಾನರು ಪ್ರಾರ್ಥನೆಯಲ್ಲೇ ಪ್ರಸಂಗ ಶುರುಮಾಡಿದರೆ ಮಕ್ಕಳು ನಿದ್ದೆ ಹೋಗುತ್ತಾರೆ, ಒಂದು ವಾರದಲ್ಲಿ ಕ್ರಮವೂ ನಿದ್ದೆ ಹೋಗುತ್ತದೆ. ಆಮೇಲೆ ಒಬ್ಬರೇ ಕೂತು ಬೆಳಗಿನ ಸಾಲು ನೋಡಿ. ಮಾಡಿದ್ದರೆ ಸ್ತೋತ್ರ, ಮಾಡದಿದ್ದರೆ ನಾಳೆಗೆ ಅದೇ ಸಾಲು. ಹೊಸ ಸಾಲು ಬೇಡ.

ಯಾಜಕಕಾಂಡಕ್ಕೆ ಮರಳುವವರು 1ನೇ ಅಧ್ಯಾಯದಿಂದ ಶುರುಮಾಡಬೇಕಾಗಿಲ್ಲ. 6ರ ಮೊದಲ ಏಳು ವಚನ, ಆಮೇಲೆ 19. ಅಲ್ಲಿ 37 ವಚನಗಳಿವೆ, 13ನೆಯದು ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ನಿಮ್ಮ ಹತ್ತಿರ ಇಟ್ಟುಕೊಳ್ಳಬಾರದು ಎನ್ನುತ್ತದೆ. ಮನೆಗೆಲಸಕ್ಕೆ ಬರುವ ಅಕ್ಕನ ಸಂಬಳ ಒಂದನೇ ತಾರೀಕಿನದ್ದಾಗಿದ್ದು ಇವತ್ತು ಐದಾಗಿದ್ದರೆ, ಉಳಿದ 36 ವಚನ ನಾಳೆ ಓದಬಹುದು.