ಪಂದ್ಯ ಹೋಯಿತು, ಕಾನೂನು ಉಳಿಯಿತು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 2021ರ ಮಾರ್ಚ್‌ನಲ್ಲಿ ಬಂದ ಮತದಾನ ಕಾನೂನಿನ ಬಗ್ಗೆ ಓದುತ್ತಿದ್ದೆ. ಅಂಚೆ ಮತಕ್ಕೆ ಗುರುತಿನ ಚೀಟಿ ನಿಯಮ ಬಿಗಿ ಮಾಡಿದರು. ಸರಿ, ಅದರ ಬಗ್ಗೆ ವಾದ ಮಾಡಬಹುದು. ಆದರೆ ಮತಗಟ್ಟೆಯ 150 ಅಡಿಯೊಳಗೆ ಸಾಲಿನಲ್ಲಿ ನಿಂತವರಿಗೆ ಸ್ವಯಂಸೇವಕರು ನೀರಿನ ಬಾಟಲಿ ಕೊಟ್ಟರೂ ಅಪರಾಧವಂತೆ! ಬಾಯಾರಿದವರಿಗೆ ನೀರು ಕೊಟ್ಟರೆ ಯಾರ ಮತ ಕೆಡುತ್ತದೋ ನನಗಂತೂ ಗೊತ್ತಾಗಲಿಲ್ಲ.

ಇದನ್ನು ವಿರೋಧಿಸಿ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್, ವರ್ಷಕ್ಕೊಮ್ಮೆ ತಾರಾ ಆಟಗಾರರು ಆಡುವ ತನ್ನ ಆಲ್-ಸ್ಟಾರ್ ಪಂದ್ಯವನ್ನು ಜಾರ್ಜಿಯಾದ ರಾಜಧಾನಿ ಅಟ್ಲಾಂಟಾದಿಂದ ಬೇರೆ ರಾಜ್ಯದ ಡೆನ್ವರ್‌ಗೆ ಒಯ್ದಿತು. ಅಟ್ಲಾಂಟಾದವೇ ಆದ ಕೋಕಾ-ಕೋಲಾ, ಡೆಲ್ಟಾ (ವಿಮಾನ ಸಂಸ್ಥೆ) ಕಂಪನಿಗಳು ಗಟ್ಟಿಯಾಗಿ ಬಾಯಿ ಬಿಟ್ಟದ್ದು ಗವರ್ನರ್ ಸಹಿ ಬಿದ್ದ ಮೇಲೆ. ಅಷ್ಟಕ್ಕೇ ಟ್ರಂಪ್ ಈ ಕಂಪನಿಗಳನ್ನೇ ಬಹಿಷ್ಕರಿಸಿ ಅಂದರು. ಎರಡೂ ಕಡೆಯಿಂದ ಬಹಿಷ್ಕಾರ, ಮಜಾ ಅಲ್ವಾ?

ನನಗೆ ಹಿಡಿಸಿದ್ದು ಜಾರ್ಜಿಯಾದ ಡೆಮಾಕ್ರಟಿಕ್ ಪಕ್ಷದ ನಾಯಕಿ ಸ್ಟೇಸಿ ಏಬ್ರಮ್ಸ್ ಮಾತು. ಕಾನೂನನ್ನು ಜೋರಾಗಿ ವಿರೋಧಿಸಿದವರೇ ಅವರು. ಆದರೂ ಜಾರ್ಜಿಯಾವನ್ನು ಬಹಿಷ್ಕರಿಸುವುದು ಈಗ ಬೇಡ ಅಂದರು, ಪೆಟ್ಟು ಬೀಳುವುದು ಅಲ್ಲಿನ ಕೆಲಸಗಾರರಿಗೆ ಅಂತ. ಹೋಟೆಲ್ ರೂಮು ಗುಡಿಸುವವರು ಕಾನೂನು ಬರೆದವರಲ್ಲ ನೋಡಿ. ಹಾಗಂತ ಕಂಪನಿಗಳು ಸುಮ್ನೆ ಕೂರಬೇಕಿತ್ತು ಅಂತಲೂ ಹೇಳಲಾರೆ. ಸಹಿಗೆ ಮುಂಚೆ ಇಷ್ಟೇ ಜೋರಾಗಿ ಮಾತಾಡಿದ್ದರೆ ಚೆನ್ನಾಗಿತ್ತು.

2025ರಲ್ಲಿ ಆಲ್-ಸ್ಟಾರ್ ಪಂದ್ಯ ಅಟ್ಲಾಂಟಾದಲ್ಲೇ ನಡೆಯಿತು. ಕಾನೂನು ಬಹುಪಾಲು ಹಾಗೇ ಇತ್ತು.