ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯ ನಂತರ: ನಡಿಗೆಗಿಂತ ಮೊದಲು ಏಳುವ ಅಭ್ಯಾಸ

ಉಡುಪಿಯ ಸುತ್ತಮುತ್ತ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವ ನನಗೆ, ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಹಿರಿಯರ ಮನೆಗಳಲ್ಲಿ ಮೊದಲು ಎದುರಾಗುವ ಪ್ರಶ್ನೆ, "ಅಮ್ಮ ಇನ್ನು ಯಾವಾಗ ನಡೆಯುತ್ತಾರೆ?" ಎಂಬುದು. ಉತ್ತರಿಸುವ ಮೊದಲು ನಾನು ಅಮ್ಮ ದಿನವಿಡೀ ಕೂರುವ ಕುರ್ಚಿಯನ್ನೂ ಬಚ್ಚಲಿಗೆ ಹೋಗುವ ದಾರಿಯನ್ನೂ ನೋಡುತ್ತೇನೆ. ಮಲಗಿಯೇ ಇದ್ದರೆ ಎದೆಯಲ್ಲಿ ಕಫ ಕಟ್ಟುವ, ಬೆನ್ನು ಹುಣ್ಣಾಗುವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಆದರೆ ಅಲ್ಲಿನ ಸಮತಟ್ಟಾದ ನೆಲದಲ್ಲಿ ನಡೆದವರೇ ನಮ್ಮ ಹಳೆಯ ಮನೆಗಳ ಎತ್ತರದ ಹೊಸ್ತಿಲು, ತಗ್ಗಿನ ಕುರ್ಚಿ, ಒದ್ದೆ ಬಚ್ಚಲುಗಳ ಮುಂದೆ ಅಳುಕುತ್ತಾರೆ.

ಆದ್ದರಿಂದ ಆರಂಭದಲ್ಲಿ ನಾನು ನಡಿಗೆಗಿಂತ ಹೆಚ್ಚು ಹೊತ್ತನ್ನು ಕುರ್ಚಿಯಿಂದ ಏಳುವುದಕ್ಕೆ ಕೊಡುತ್ತೇನೆ. ಹೆಚ್ಚಿನವರು ವಾಕರನ್ನೇ ಎಳೆದುಕೊಂಡು ಏಳಲು ಹೊರಡುತ್ತಾರೆ. ಹಗುರವಾದ ಅದು ಮೈಮೇಲೆಯೇ ಮಗುಚುತ್ತದೆ. ಆಸನದ ಅಂಚಿಗೆ ಜರುಗಿ, ಗಟ್ಟಿಯಿರುವ ಕಾಲಿನ ಪಾದವನ್ನು ಹಿಂದಕ್ಕೆ ತಂದು, ಶಸ್ತ್ರಚಿಕಿತ್ಸೆಯಾದ ಕಾಲನ್ನು ತುಸು ಮುಂದಿರಿಸಿ, ಕುರ್ಚಿಯ ಕೈಗಳನ್ನು ಕೆಳಕ್ಕೆ ಒತ್ತಿ ಏಳಬೇಕು. ಎದ್ದೊಡನೆ ರಕ್ತದೊತ್ತಡ ಇಳಿದು ತಲೆ ತಿರುಗುವುದುಂಟು, ಹಾಗಾಗಿ ಸ್ವಲ್ಪ ನಿಂತ ಮೇಲೆಯೇ ವಾಕರಿಗೆ ಕೈ ಹಾಕಬೇಕು. ಕುರ್ಚಿ ತಗ್ಗಾಗಿದ್ದರೆ ಅದೇ ಬಗೆಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಅದರ ಮೇಲೆ ಕೂರಿಸಿ, ಗೋಡೆಗೆ ಆನಿಸಿಡುತ್ತೇನೆ; ಎತ್ತರವೂ ಸಿಗುತ್ತದೆ, ಹಿಂದಕ್ಕೆ ಜಾರುವುದೂ ಇಲ್ಲ. ಕೃತಕ ಕೀಲು ಹಾಕಿಸಿಕೊಂಡವರಿಗೆ ವೈದ್ಯರು ತೊಂಬತ್ತು ಡಿಗ್ರಿಗಿಂತ ಹೆಚ್ಚು ಸೊಂಟ ಮಡಚಬಾರದೆಂದು ಹೇಳಿದ್ದರೆ, ಮಣೆಯ ಮೇಲೆ ಊಟಕ್ಕೆ ಕೂರುವುದನ್ನೂ ಕುಕ್ಕರುಗಾಲಿನ ಶೌಚಾಲಯವನ್ನೂ ಬಿಡಲೇಬೇಕು.

ಕಂಕುಳಿಗೆ ಕೈ ಕೊಟ್ಟು ಅಜ್ಜಿಯನ್ನು ಎತ್ತಿ ನಿಲ್ಲಿಸುವ ಹೋಂ ನರ್ಸ್‌ಗಳ ಬಗ್ಗೆ ನನಗೆ ತಕರಾರಿದೆ. ಅದು ಪ್ರೀತಿಯೇ ಆದರೂ, ತೊಡೆಯ ಸ್ನಾಯು ಕೆಲಸ ಮಾಡದೆ ಶಕ್ತಿ ಮರಳುವುದಿಲ್ಲ. ಪಕ್ಕದಲ್ಲಿ ನಿಂತು, ಜಾರಿದರೆ ಹಿಡಿಯುವಷ್ಟು ಹತ್ತಿರವಿದ್ದರೆ ಸಾಕು.

ವಾಕರಿನ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕಿರಲಿ. ಕಾಲುಗಳ ರಬ್ಬರ್ ಬುಷ್‌ಗಳು ಸವೆದಿದ್ದರೆ ಮಳೆಗಾಲದ ಒದ್ದೆ ನೆಲದಲ್ಲಿ ವಾಕರೇ ಜಾರುತ್ತದೆ. ಅದನ್ನು ತಿರುಗಿಸಿ ನೋಡುವವರು ಕಡಿಮೆ. ಸೀರೆಯ ಅಂಚು ಕಣಕಾಲಿಗಿಂತ ಮೇಲಿರಬೇಕು, ಹವಾಯಿ ಚಪ್ಪಲಿ ಬೇಡ. ರಾತ್ರಿ ಬಚ್ಚಲಿಗೆ ಹೋಗುವ ಅವಸರದಲ್ಲಿಯೇ ಬೀಳುವ ಭಯ ಹೆಚ್ಚು. ಮೊದಲ ವಾರಗಳಲ್ಲಿ ಮಂಚದ ಪಕ್ಕ ಕಮೋಡ್ ಕುರ್ಚಿ ಇಡುವುದಕ್ಕೆ ನಾಚಿಕೆ ಪಡಬೇಕಿಲ್ಲ.

ಜಗಲಿಯ ಮೆಟ್ಟಿಲು ಕೊನೆಯ ಸರದಿಯಲ್ಲಿ ಬರುತ್ತದೆ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು, ಮತ್ತು ಎರಡೂ ಸಲ ಜೊತೆಗಿರುವವರು ಒಂದು ಮೆಟ್ಟಿಲು ಕೆಳಗೆ ನಿಂತಿರಬೇಕು.