ಅಪ್ಪಗ ಗ್ಲಾಕೋಮಾ ಐತಿ, ನನಗೂ ಬರತೈತೇನ್ರೀ?

ಗ್ಲಾಕೋಮಾ ಅಂದರೆ ಕಣ್ಣಿನ ನರ, ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡದಿಂದ, ಮೆಲ್ಲಗೆ ಸಾಯುತ್ತ ಸಾಮಾನ್ಯವಾಗಿ ಪಕ್ಕದ ನೋಟ ಮೊದಲು ಹೋಗುವ ಬೇನೆ. ಬರಬಹುದು, ಬರದೇನೂ ಇರಬಹುದು. ಇದಕ್ಕಿಂತ ಖಚಿತ ಉತ್ತರ ಬೇಕಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮದುವೆ ಊಟದ ಪಂಕ್ತಿಯಲ್ಲಿ ರೊಟ್ಟಿ ಮುರಿಯುತ್ತ ನನ್ನೆದುರು ಕಣ್ಣರಳಿಸಿದರೆ ಏನೂ ಗೊತ್ತಾಗುವುದಿಲ್ಲ.

ನನಗೆ ಬೇಸರ ಪ್ರಶ್ನೆಯದ್ದಲ್ಲ, ಅದರ ಹಿಂದೆ ಬರುವ ಮಾತಿನದು. "ನಮ್ಮ ಮನೆತನದಾಗ ಮತ್ಯಾರಿಗೂ ಇಲ್ರೀ. ಅಜ್ಜಗ ವಯಸ್ಸಾಗಿ ಕಣ್ಣು ಹೋಗಿದ್ವು, ಅದ ಬ್ಯಾರೆ." ಬೇರೆ ಅಂತ ಹೇಳಿದವರು ಯಾರು? ಪೊರೆ ತೆಗೆಸಿದ ಮೇಲೂ ಅಜ್ಜನಿಗೆ ಕಾಣಲಿಲ್ಲವೇ? ಎದುರಿನ ಮುಖ ಗುರುತಿಸಿ, ಪಕ್ಕದ ಕಂಬಕ್ಕೆ ಬಡಿದುಕೊಳ್ಳುತ್ತಿದ್ದರೇ? ಹಾಗಿದ್ದರೆ ಅನುಮಾನ ಪಡಬೇಕು. ಇನ್ನು ತಾಯಿಯ ತವರಿನವರನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಜೀನುಗಳು ಅಡ್ಡಹೆಸರು ನೋಡಿ ಬರುವುದಿಲ್ಲ ಮಾರಾಯರೇ.

ಆಮೇಲೆ, "ಜೀನ್ ಟೆಸ್ಟ್ ಮಾಡಿಸಿಬಿಡಲೇನ್ರೀ?" 1997ರಲ್ಲಿ ಪತ್ತೆಯಾದ ಎಂವೈಒಸಿ ಜೀನ್ ಕೆಟ್ಟಾಗ ಅದರ ಪ್ರೋಟೀನು ಕಣ್ಣಿನೊಳಗಿನ ನೀರು ಹೊರಹೋಗುವ ಜಾಲರಿಯ ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತದೆ, ಒತ್ತಡ ಏರುತ್ತದೆ. ಆದರೆ ದೊಡ್ಡವರಲ್ಲಿ ಕಾಣುವ ತೆರೆದ ಕೋನದ (ನೀರು ಹೊರಹೋಗುವ ಮೂಲೆ ಮುಚ್ಚಿಕೊಳ್ಳದ) ಗ್ಲಾಕೋಮಾದಲ್ಲಿ ಈ ಜೀನಿನ ಪಾಲು ಸುಮಾರು 3ರಿಂದ 4 ಶೇಕಡಾ ಮಾತ್ರ. ಉಳಿದವರಲ್ಲಿ ಜೀನುಗಳ ನೂರಕ್ಕೂ ಹೆಚ್ಚು ಜಾಗಗಳಲ್ಲಿನ ಸಣ್ಣಪುಟ್ಟ ವ್ಯತ್ಯಾಸಗಳು ಒಟ್ಟುಗೂಡಿ ಕೆಲಸ ಮಾಡುತ್ತವೆ. ಅಪ್ಪನಿಗೆ ಅರವತ್ತರಲ್ಲಿ ಬಂದಿದ್ದರೆ, ನಿಮ್ಮ ಎಂವೈಒಸಿ ಸರಿ ಇದೆ ಎಂಬ ರಿಪೋರ್ಟಿನಿಂದ ನಿಶ್ಚಿಂತರಾಗುವಂತಿಲ್ಲ. ಮೂವತ್ತರೊಳಗೇ ಬರುವ ಮನೆತನಗಳಲ್ಲಿ ಆ ಪರೀಕ್ಷೆಗೆ ಅರ್ಥವಿದೆ.

ಕೂಸುಗಳ ವಿಷಯದಲ್ಲೂ ಇದೆ. ಹುಟ್ಟಿನಿಂದ ಬರುವ ಗ್ಲಾಕೋಮಾಕ್ಕೆ ಮುಖ್ಯ ಕಾರಣ ಸಿವೈಪಿ1ಬಿ1 ಜೀನ್. ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಬೇನೆ. ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತವರಾದರೆ ಪ್ರತಿ ಬಸುರಿನಲ್ಲೂ ಸಾಧ್ಯತೆ 25 ಶೇಕಡಾ. ಅಕ್ಕನ ಮಗಳನ್ನೇ ತಂದುಕೊಳ್ಳುವ ನಮ್ಮ ಕಡೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಹುಟ್ಟಿದ ಕೂಸಿನ ಕಪ್ಪುಗುಡ್ಡೆ ಸುಮಾರು 10 ಮಿ.ಮೀ. ಅಗಲ, ವರ್ಷದೊಳಗೆ 12 ದಾಟಿದರೆ, ಬೆಳಕಿಗೆ ಕಣ್ಣು ಮುಚ್ಚಿದರೆ, ಸದಾ ನೀರು ಸೋರಿದರೆ, "ಕಣ್ಣು ಎಷ್ಟ್ ದೊಡ್ಡವು, ಚಂದ ಅದಾವ" ಅನ್ನುತ್ತ ಕೂರಬೇಡಿ.

ಯಾರೂ ಕೇಳದ ಪ್ರಶ್ನೆ ಒಂದಿದೆ: "ನನಗ ಬಂದೈತಿ, ಇನ್ಯಾರಿಗೆ ಹೇಳಲಿ?" ರೋಗಿಯ ಒಡಹುಟ್ಟಿದವರಿಗೆ, ಮೊದಲು. ರೋಟರ್‌ಡ್ಯಾಮಿನ 1998ರ ಅಧ್ಯಯನದಲ್ಲಿ ರೋಗಿಗಳ ಒಡಹುಟ್ಟಿದವರು ಮತ್ತು ಮಕ್ಕಳಿಗೆ 80 ವರ್ಷ ವಯಸ್ಸಿನ ಹೊತ್ತಿಗೆ ಗ್ಲಾಕೋಮಾ ಬರುವ ಸಾಧ್ಯತೆ 22 ಶೇಕಡಾ, ಉಳಿದವರಿಗೆ 2.3. ನಮ್ಮವರು ಬೆಂಗಳೂರಿನ ಮಗನಿಗೆ ಫೋನು ಮಾಡುತ್ತಾರೆ. ಹೊಲದ ಪಾಲಿನ ಜಗಳಕ್ಕೆ ಮಾತು ಬಿಟ್ಟ ಗದಗಿನ ತಮ್ಮನಿಗೆ ಮಾಡುವುದಿಲ್ಲ.

ಆ ತಮ್ಮ ನಲವತ್ತು ದಾಟಿದ್ದರೆ ಚಾಳೀಸಿನ ನಂಬರ್ ತೆಗೆಸಿದರೆ ಸಾಲದು. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಳುವಿದ್ದರೆ ಯಂತ್ರ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ, ಹಾಗಾಗಿ ದಪ್ಪವನ್ನೂ ಅಳೆಸಬೇಕು. ಒತ್ತಡ ಸರಿ ಇದ್ದೂ ನರ ಸಾಯುವ ಬಗೆ ಇರುವುದರಿಂದ ನರ ನೋಡಿಸಬೇಕು. ಕನ್ನಡಿ ಲೆನ್ಸ್ ಇಟ್ಟು ಕೋನ ನೋಡುವ ಗೋನಿಯೋಸ್ಕೋಪಿ ಮಾಡಿದರೇ ಎಂದು ಕೇಳಿ. ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟಿನಲ್ಲಿ ಮೊದಲ ಸಲ ಎಲ್ಲರೂ ಗುಂಡಿ ಒತ್ತಲು ತಡಬಡಾಯಿಸುತ್ತಾರೆ, ಮತ್ತೊಮ್ಮೆ ಮಾಡಿಸಿ ಅಂದರೆ ದುಡ್ಡು ಹೊಡೆಯಲಿಕ್ಕೆ ಅಂದುಕೊಳ್ಳಬೇಡಿ.

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಧೂಳಿಗೆ ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ತಿಂಗಳುಗಟ್ಟಲೆ ಹಾಕುವವರಿಗೂ ಒಂದು ಮಾತು. ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಗ್ಲಾಕೋಮಾ ಇರುವ ಮನೆಯವರಲ್ಲಿ ಅದರಿಂದ ಒತ್ತಡ ಏರುವುದು ಹೆಚ್ಚು, ಅದೂ ನೋವಿಲ್ಲದೆ, ಕೆಲವೇ ವಾರಗಳಲ್ಲಿ. ಡಾಕ್ಟರೇ ಬರೆದುಕೊಟ್ಟಿದ್ದರೆ, ಅಪ್ಪನ ವಿಷಯ ಅವರಿಗೆ ಹೇಳಿ, ಪ್ರೆಶರ್ ಮತ್ತೆ ಯಾವಾಗ ನೋಡಿಸಬೇಕೆಂದು ಅಲ್ಲೇ ಕೇಳಿಕೊಂಡು ಬನ್ನಿ.